ಓನರ್ ಆಂಟಿಯ ಬೆಳ್ಳಿ ಲೋಟ

ಮೊನ್ನೆ ಭಾನುವಾರ ಕತ್ರಿಗುಪ್ಪೆಗೆ ಹೋಗಿದ್ದೆ. ನಾವು ಹನ್ನೊಂದು ವರ್ಷ ಬಾಡಿಗೆಗಿದ್ದ ಮನೆಯ ಓನರ್ ಜಯಮ್ಮ ಆಂಟಿ ಮೆಟ್ಟಿಲ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡಿದ್ದರು. ಪ್ಲಾಸ್ಟರ್ ಬಿಚ್ಚಿದ್ದಾರೆ, ನಿಮ್ಮನ್ನು ಕೇಳುತ್ತಿರುತ್ತಾರೆ ಎಂದು ಅವರ ಸೊಸೆ ಫೋನ್ ಮಾಡಿದ್ದಳು. ಮೂಸಂಬಿ ಕಟ್ಟಿಸಿಕೊಂಡು ಹೋದೆ. ಮೇಲಿನ ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಕಾಲಿಡುತ್ತಲೇ ನೆನೆಸಿದ ವಿಭೂತಿಯ ವಾಸನೆ ಬಂತು.

ಆಂಟಿ ನೆಲದ ಮೇಲೆ ಪೇಪರ್ ಹಾಸಿಕೊಂಡು ಬೆಳ್ಳಿ ಸಾಮಾನು ಹರಡಿಕೊಂಡು ಕೂತಿದ್ದರು. ವಿಭೂತಿಯನ್ನು ಪುಡಿ ಮಾಡಿ ನೀರಿನಲ್ಲಿ ಕಲಸಿ, ಹಳೇ ಪಂಚೆಯ ಬಟ್ಟೆಯಲ್ಲಿ ಅದ್ದಿ, ಬಗ್ಗದ ಬೆರಳುಗಳಲ್ಲಿ ಒಂದು ಲೋಟವನ್ನು ಉಜ್ಜುತ್ತಿದ್ದರು.

"ಬೆರಳು ಆಡಿಸ್ತಾ ಇರಿ ಅಂದವ್ರೆ ಕಣಮ್ಮ ಡಾಕ್ಟ್ರು. ಸುಮ್ನೆ ಆಡ್ಸು ಅಂದ್ರೆ ಹೆಂಗಾಡ್ಸೋದು? ಬೆಳ್ಳಿನಾದ್ರೂ ಬೆಳಗೋಣ ಅಂತ ಕೂತ್ಕೊಂಡೆ. ಈ ವಿಭೂತಿ ಉಪಾಯ ಹೇಳ್ಕೊಟ್ಟಿದ್ದು ನಿಮ್ಮತ್ತೇನೆ ಅಲ್ವಾ?"

ಹೌದು, ನಮ್ಮತ್ತೆಯೇ. ಆ ಲೋಟವನ್ನೂ ನಾನು ಬಲ್ಲೆ. ಕಂಠದ ಕೆಳಗೆ ಸಣ್ಣ ಬಳ್ಳಿಯ ಕೆತ್ತನೆ, ತಳದ ಒಂದು ಕಡೆ ತಗ್ಗು. ಒಂದೇ ಒಂದು ಸಲ, ಅರ್ಧ ಗಂಟೆಯ ಮಟ್ಟಿಗೆ, ಅದು ನಮ್ಮ ಮನೆಯ ಲೋಟವಾಗಿತ್ತು. ಆ ಅರ್ಧ ಗಂಟೆಯನ್ನು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ.

ಆ ವರ್ಷದವರೆಗೆ ನಾವು ಮಿಡಲ್ ಕ್ಲಾಸ್ ಎಂದೇ ನಾನು ನಂಬಿದ್ದೆ. ನಮ್ಮ ಯಜಮಾನರು ಜಯನಗರ ನಾಲ್ಕನೇ ಬ್ಲಾಕಿನ ಸೀರೆ ಅಂಗಡಿಯಲ್ಲಿ ಸೇಲ್ಸ್‌ಮನ್. ಬಿಳಿ ಗಾದಿಯ ಮೇಲೆ ಕೂತು ದಿನವಿಡೀ ರೇಷ್ಮೆ ಸೀರೆ ಬಿಚ್ಚುವುದು, ಮಡಿಸುವುದು. ನಾನು ಅಲ್ಲೇ ಹತ್ತಿರದ ಒಂದು ಲ್ಯಾಬಿನ ಕೌಂಟರಿನಲ್ಲಿ. "ತಿಂಡಿ ತಿಂದಿಲ್ಲ ತಾನೇ?" ಎಂದು ಬೆಳಗಿನಿಂದ ಎಲ್ಲರನ್ನೂ ಕೇಳಿ, ರಕ್ತ ಕೊಡಲು ಒಳಗೆ ಕಳಿಸುವುದು. ಇಬ್ಬರದ್ದೂ ಇಸ್ತ್ರಿ ಬಟ್ಟೆ ಹಾಕಿಕೊಂಡು ಹೋಗುವ ಕೆಲಸ. ಬೀದಿಯ ಕೊನೆಯ ಇಸ್ತ್ರಿ ಅಂಗಡಿಯವನು ನಮ್ಮ ಯಜಮಾನರ ಬಿಳಿ ಶರ್ಟುಗಳನ್ನು ನೋಡಿ ಇವರು ಬ್ಯಾಂಕ್ ಮ್ಯಾನೇಜರ್ ಇರಬೇಕು ಅಂದುಕೊಂಡಿದ್ದನಂತೆ. ನಾವು ತಿದ್ದಲು ಹೋಗಲಿಲ್ಲ.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯಿದೆ. ನಮಗೆ ಹಿಟ್ಟಿಗೇನೂ ಕೊರತೆಯಿರಲಿಲ್ಲ. ಎರಡು ಸಂಬಳ ಸೇರಿ ಬಾಡಿಗೆ, ಹಾಲು, ಸ್ಕೂಲು, ಗ್ಯಾಸು ಎಲ್ಲ ಸರಿಯಾಗಿ ತೂಗಿಕೊಂಡು ಹೋಗುತ್ತಿತ್ತು, ಏನೂ ಆಗದಿದ್ದರೆ. ಮಿಡಲ್ ಕ್ಲಾಸ್ ಅಂದರೆ ಅಷ್ಟೇ ಎಂದು ಈಗ ನನಗನ್ನಿಸುತ್ತದೆ. ಏನೂ ಆಗದಿದ್ದರೆ ಸರಿಯಾಗಿರುವವರು.

ಆ ವರ್ಷ ಆಯಿತು. ದೀಪಾವಳಿಯ ಹೊತ್ತಿಗೆ ಅತ್ತೆಗೆ ಲಕ್ವ ಹೊಡೆಯಿತು. ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದು ಮನೆಗೆ ಬಂದರು. ಮಾತು ನೆಟ್ಟಗಿತ್ತು, ಬಲಗೈ ಮಾತ್ರ ಮಡಿಲಲ್ಲಿ ಬಿದ್ದಿರುತ್ತಿತ್ತು. ತಿಪಟೂರಿನ ಕಡೆಯ ಹೆಂಗಸು, ಒಂದು ಕಾಲಕ್ಕೆ ಬಂದ ನೆಂಟರಿಗೆಲ್ಲ ಬೆಳ್ಳಿ ಲೋಟದಲ್ಲಿ ಕಾಫಿ ಕೊಟ್ಟವರು. ಆ ಬೆಳ್ಳಿಯೆಲ್ಲ ನಾದಿನಿಯ ಮದುವೆಯ ಹೊತ್ತಿಗೇ ಕರಗಿತ್ತು. ಸೊಸೆಯ ಕೈಯಲ್ಲಿ ಅನ್ನ ಉಣ್ಣಿಸಿಕೊಳ್ಳುವುದು ಅವರಿಗೆ ಸಾವಿಗಿಂತ ಕಷ್ಟವಾಗಿತ್ತು. ತುತ್ತಿಗೊಮ್ಮೆ ನನ್ನನ್ನು ಬೈಯುತ್ತಿದ್ದರು.

ಫಿಸಿಯೋಥೆರಪಿಗೆ ಒಬ್ಬ ಹುಡುಗಿ ಮನೆಗೆ ಬರುತ್ತಿದ್ದಳು. ಹತ್ತು ದಿನ ಬಂದಳು. ಹನ್ನೊಂದನೆಯ ದಿನದಿಂದ ಬೇಡ ಎಂದು ನಾವೇ ಹೇಳಿದೆವು, ಆಸ್ಪತ್ರೆಗೆ ಮಾಡಿದ ಸಾಲವೇ ಕುತ್ತಿಗೆಯವರೆಗೆ ಬಂದಿತ್ತು. ಆ ಹತ್ತು ದಿನವೂ ನನ್ನ ಮಗಳು ಚೈತ್ರಾ ಪಕ್ಕದಲ್ಲಿ ಕೂತು ನೋಡಿದ್ದಳು. ಸೆಕೆಂಡ್ ಪಿಯುಸಿ ಹುಡುಗಿ, ಕೆಮಿಸ್ಟ್ರಿ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಕೈಯ ಚಿತ್ರ ಬರೆದು, ಬಾಣದ ಗುರುತು ಹಾಕಿಟ್ಟುಕೊಂಡಿದ್ದಳು. ಹನ್ನೊಂದನೆಯ ದಿನ ಬೆಳಿಗ್ಗೆ ತಾನೇ ಅಜ್ಜಿಯ ಮುಂದೆ ಸ್ಟೂಲ್ ಹಾಕಿಕೊಂಡು ಕೂತಳು.

"ಎತ್ತು ಅಜ್ಜಿ. ಹಿಡ್ಕೊ. ಹತ್ತು ಎಣಿಸು. ಈಗ ನಿಧಾನಕ್ಕೆ ಇಳ್ಸು."

"ನೀನೇನೇ ಡಾಕ್ಟ್ರಾ? ಹೋಗಿ ಓದ್ಕೊ ಹೋಗು."

"ಎಣಿಸಿದ್ರೆ ಹೋಗ್ತೀನಿ."

ಮೊದಲು ಖಾಲಿ ಪ್ಲಾಸ್ಟಿಕ್ ಲೋಟ. ಆಮೇಲೆ ಸ್ಟೀಲ್ ಲೋಟ. ಆಮೇಲೆ ಅದರಲ್ಲಿ ಒಂದು ಗುಟುಕು ನೀರು. ಆ ಬೇಸಿಗೆಯಲ್ಲಿ ನಮ್ಮ ಬೀದಿಯ ಬೋರ್‌ವೆಲ್‌ಗಳೆಲ್ಲ ಬತ್ತಿ ಎರಡು ದಿನಕ್ಕೊಮ್ಮೆ ಟ್ಯಾಂಕರ್ ಬರುತ್ತಿತ್ತು. ಚೈತ್ರಾ ಅಜ್ಜಿಯ ಕೈಕೆಳಗೆ ಪಾತ್ರೆ ಇಟ್ಟು, ಚೆಲ್ಲಿದ ನೀರನ್ನೆಲ್ಲ ಹಿಡಿದು ತುಳಸಿಗೆ ಹಾಕುತ್ತಿದ್ದಳು. ದಿನ ಕಳೆದಂತೆ ತುಳಸಿಗೆ ಸಿಗುವ ನೀರು ಕಡಿಮೆಯಾಗುತ್ತಾ ಬಂತು. ಅಜ್ಜಿಯ ಕೈಯಲ್ಲಿ ಶಕ್ತಿ ಬರುತ್ತಿದೆ ಎಂಬುದನ್ನು ನಾವು ಹಾಗೆ ತಿಳಿಯುತ್ತಿದ್ದೆವು.

ಅವಳು ಓದಿದರೆ ಫಿಸಿಯೋಥೆರಪಿಯೇ ಓದುವುದು ಎಂದು ತೀರ್ಮಾನ ಮಾಡಿದ್ದೂ ಆ ದಿನಗಳಲ್ಲೇ. ಹಟಮಾರಿಯಲ್ಲ ನನ್ನ ಮಗಳು. ಬಟ್ಟೆ, ಫೋನು, ಟ್ರಿಪ್ಪು, ಯಾವುದಕ್ಕೂ ಹಟ ಮಾಡಿದವಳಲ್ಲ. ಇದೊಂದನ್ನು ಕೇಳಿದಳು. ಏಪ್ರಿಲ್‌ನಲ್ಲಿ ರಿಸಲ್ಟ್ ಬಂತು, ನಾವು ಅಂದುಕೊಂಡದ್ದಕ್ಕಿಂತ ಚೆನ್ನಾಗಿಯೇ ಬಂದಿತ್ತು. ಕಾಲೇಜಿನಲ್ಲಿ ಸೀಟೂ ಸಿಕ್ಕಿತು. ಜೂನ್ ಮುಗಿಯುವುದರೊಳಗೆ ಫೀಸು ಕಟ್ಟಿದರೆ ಸೀಟು ನಮ್ಮದು.

ಆ ಫೀಸಿನ ಚೀಟಿಯನ್ನು ಹಿಡಿದುಕೊಂಡು ನಾನು ಹತ್ತದ ಮೆಟ್ಟಿಲಿಲ್ಲ. ಬ್ಯಾಂಕಿನವರು ಮೊದಲಿನ ಸಾಲ ತೀರಲಿ ಅಂದರು. ಸರ್ಕಾರದ ಸ್ಕಾಲರ್‌ಶಿಪ್ಪಿಗೆ ನಮ್ಮ ಆದಾಯ ಸ್ವಲ್ಪ ಜಾಸ್ತಿಯಾಯಿತು. ಬಡವರ ಕಾರ್ಡು ಇದೆಯಾ ಎಂದು ಎಲ್ಲ ಕಡೆ ಕೇಳಿದರು. ಆ ಕಾರ್ಡು ಮಾಡಿಸಲು ಹೋದರೆ ಕೌಂಟರಿನ ಹುಡುಗ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಬ್ರಿಗೂ ಸಂಬಳದ ಸ್ಲಿಪ್ ಇದೆ. ನೀವು ಇದಕ್ಕೆ ಬರಲ್ಲ ಮೇಡಂ" ಅಂದ. ಮೇಡಂ ಅನ್ನಿಸಿಕೊಂಡಿದ್ದಕ್ಕೆ ಅವತ್ತು ಮೊದಲ ಸಲ ಬೇಜಾರಾಯಿತು. ಯಾವ ಕಡೆ ಹೋದರೂ ನಾವು ಒಂದು ಗೆರೆಯ ಆಚೆಗೆ ಕಾಲಿಟ್ಟು ನಿಂತಿದ್ದೆವು. ಇಳಿಯೋಣವೆಂದರೆ ಇಳಿಯಲು ಬಿಡುವುದಿಲ್ಲ, ಹತ್ತೋಣವೆಂದರೆ ಕೈ ಕೊಡುವವರಿಲ್ಲ.

ಕೊನೆಗೆ ಉಳಿದದ್ದು ನಮ್ಮ ಸಮಾಜದವರು ಜಯನಗರದಲ್ಲಿ ನಡೆಸುತ್ತಿದ್ದ ಒಂದು ಟ್ರಸ್ಟು. ವರ್ಷಕ್ಕೆ ಕೆಲವು ಮಕ್ಕಳಿಗೆ ಕೋರ್ಸು ಮುಗಿಯುವವರೆಗೆ ಪೂರ್ತಿ ಫೀಸು ಕಟ್ಟುತ್ತಾರೆ. ಅರ್ಜಿ ಹಾಕಿದೆವು. ಮಾರ್ಕ್ಸ್ ಕಾರ್ಡ್ ನೋಡಿ ಖುಷಿಪಟ್ಟರು. ಒಂದೇ ಒಂದು ಕ್ರಮ ಬಾಕಿ, ಮೇ ತಿಂಗಳ ಕೊನೇ ಭಾನುವಾರ ಹತ್ತು ಗಂಟೆಗೆ ಇಬ್ಬರು ಮನೆ ನೋಡಲು ಬರುತ್ತಾರೆ ಎಂದರು. ನಿಜವಾಗಿ ಕಷ್ಟದಲ್ಲಿರುವವರೋ ಅಲ್ಲವೋ ಎಂದು ಮನೆಗೇ ಬಂದು ನೋಡುವುದು ಅವರ ಪದ್ಧತಿ.

ಲ್ಯಾಬಿನಲ್ಲಿ ನನ್ನ ಜೊತೆ ಕೂರುವ ಶಶಿಕಲಾ ಇಂಥದ್ದರಲ್ಲೆಲ್ಲ ಪಳಗಿದವಳು. "ಗಿರಿಜಾ, ಪೆದ್ದಿ ಥರ ಮಾಡ್ಬೇಡ. ಟಿವಿ ತೆಗ್ದಿಡು. ಹಳೇ ಸೀರೆ ಉಟ್ಕೊ. ಚೆನ್ನಾಗಿರೋ ಬೆಡ್‌ಶೀಟ್ ಹಾಕ್ಬೇಡ. ನಮ್ಮ ಅಕ್ಕನ ಮಗನಿಗೆ ಹಿಂಗೇ ಮಾಡಿ ಸಿಕ್ಕಿದ್ದು" ಅಂದಳು. ನಮ್ಮ ಮನೆಯ ಟಿವಿ ಗೋಡೆಯ ತುಂಬಾ ಇತ್ತು. ನಮ್ಮ ಯಜಮಾನರು ಅಂಗಡಿಯಲ್ಲಿ ಇಪ್ಪತ್ತು ವರ್ಷ ದುಡಿದರೆಂದು ಮಾಲೀಕರು ಶಾಲು ಹೊದಿಸಿ ಕೊಟ್ಟದ್ದು. ಸಂಬಳ ಜಾಸ್ತಿ ಮಾಡಿ ಎಂದು ಕೇಳಿದ ವರ್ಷವೇ ಕೊಟ್ಟರು.

ಭಾನುವಾರ ಬೆಳಿಗ್ಗೆ ಎದ್ದ ಕೂಡಲೇ ನಾನೂ ಯಜಮಾನರೂ ಸೇರಿ ಆ ಟಿವಿಯನ್ನು ಗೋಡೆಯಿಂದ ಇಳಿಸಿದೆವು. ರೂಮಿನ ಮಂಚದ ಪಕ್ಕ ನಿಲ್ಲಿಸಿ ಹಳೇ ಕಂಬಳಿ ಹೊದಿಸಿದೆವು. ಅವರಿಗೆ ಇದು ಒಂಚೂರೂ ಇಷ್ಟವಿರಲಿಲ್ಲ. "ಇದ್ದದ್ದನ್ನ ಇಲ್ಲ ಅಂತ ತೋರ್ಸೋದು ಸುಳ್ಳಲ್ವೇನೇ?" ಅಂದರು. "ನೀವು ಮುನ್ನೂರು ಸೀರೆ ತೋರ್ಸಿ ಇದೇ ಕೊನೇ ಪೀಸು ಅಂತ ಮಾರಲ್ವಾ?" ಎಂದು ಬಾಯಿ ಮುಚ್ಚಿಸಿದೆ. ಆಮೇಲೆ ಹಾಲು ತರಲು ಹೋದೆ. ಬೂತಿನಲ್ಲಿ ಹಾಲು ಖಾಲಿಯಾಗಿ, ಮುಂದಿನ ಬೀದಿಗೆ ಹೋಗಿ ತರುವಷ್ಟರಲ್ಲಿ ಮುಕ್ಕಾಲು ಗಂಟೆಯಾಯಿತು.

ಆ ಮುಕ್ಕಾಲು ಗಂಟೆಯಲ್ಲಿ ಅತ್ತೆ ತಮ್ಮ ಕೆಲಸ ಮುಗಿಸಿದ್ದರು.

ಮನೆಗೆ ದೊಡ್ಡವರು ಬರುತ್ತಾರೆ ಎಂದು ಅವರಿಗೆ ಗೊತ್ತಿತ್ತು. ಯಾಕೆ ಎಂದು ನಾನು ಬಿಡಿಸಿ ಹೇಳಿರಲಿಲ್ಲ. ನಮ್ಮ ಬಡತನ ನೋಡಲು ಬರುತ್ತಾರೆ ಎಂದು ಅತ್ತೆಗೆ ಯಾವ ಬಾಯಲ್ಲಿ ಹೇಳುವುದು? ಮೊಮ್ಮಗಳ ಓದಿಗೆ ಸಹಾಯ ಮಾಡುವವರು, ನಮ್ಮ ಸಮಾಜದ ಹಿರಿಯರು ಎಂದಷ್ಟೇ ಹೇಳಿದ್ದೆ. ಅತ್ತೆ ಗೋಡೆ ಹಿಡಿದುಕೊಂಡು ಮೆಟ್ಟಿಲವರೆಗೆ ಹೋಗಿ ಜಯಮ್ಮ ಆಂಟಿಯನ್ನು ಕೂಗಿದ್ದರು. ಆಂಟಿಯವರು ಕತ್ರಿಗುಪ್ಪೆಯ ಹಳೇ ಊರಿನವರು. ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ನಾಲ್ಕು ಬಾಡಿಗೆ ಮನೆ ಕಟ್ಟಿಸಿದ್ದಾರೆ. ಕೈ ಧಾರಾಳ, ಮಾತು ಇನ್ನೂ ಧಾರಾಳ. ಮನೆಗೆ ಮರ್ಯಾದಸ್ಥರು ಬರುತ್ತಾರೆಂದರೆ ಸುಮ್ಮನಿರುವ ಜೀವವಲ್ಲ.

ನಾನು ಹಾಲು ಹಿಡಿದುಕೊಂಡು ಬಂದು ನೋಡಿದರೆ ನಮ್ಮ ಮುಂದಿನ ಕೋಣೆಯಲ್ಲಿ ಆಂಟಿಯ ಕೆತ್ತನೆಯ ಕುರ್ಚಿಗಳೆರಡು ಕೂತಿದ್ದವು. ಟೀಪಾಯಿಯ ಮೇಲೆ ಬೆಳ್ಳಿ ತಟ್ಟೆಯಲ್ಲಿ ದ್ರಾಕ್ಷಿ, ಸೇಬು. ಪಕ್ಕದಲ್ಲಿ ಬೆಳ್ಳಿ ಲೋಟಗಳು, ಫಳಫಳ ಹೊಳೆಯುತ್ತಿದ್ದವು. ಮನೆಯೆಲ್ಲ ವಿಭೂತಿಯ ವಾಸನೆ. ಅತ್ತೆ ರೇಷ್ಮೆ ಸೀರೆ ಉಟ್ಟು, ಎಡಗೈಯಲ್ಲಿ ಕೊನೇ ಲೋಟವನ್ನು ಒರೆಸುತ್ತಿದ್ದರು. ನಾನು ಬಣ್ಣ ಹೋದ ಕಾಟನ್ ಸೀರೆಯಲ್ಲಿ ನಿಂತಿದ್ದೆ.

"ಅತ್ತೆ, ಇದೆಲ್ಲ ಏನು? ತೆಗೀರಿ ಮೊದ್ಲು."

"ಯಾಕೆ ತೆಗೀಬೇಕು? ನಮ್ಮನೇಗೆ ಬಂದೋರಿಗೆ ಸ್ಟೀಲ್ ಲೋಟದಲ್ಲಿ ಕೊಡ್ಲಾ? ನೀನು ಮೊದ್ಲು ಆ ಸೀರೆ ಬದಲಾಯಿಸ್ಕೊ. ಮುಸುರೆ ತಿಕ್ಕೋಳ ಹಂಗಿದ್ದೀಯ."

ಅಷ್ಟರಲ್ಲಿ ಗೇಟಿನ ಸದ್ದಾಯಿತು. ಹತ್ತಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಇಷ್ಟು ವರ್ಷ ಈ ಊರಿನಲ್ಲಿ ಹೇಳಿದ ಟೈಮಿಗೆ ಯಾರೂ ಬಂದದ್ದನ್ನು ನಾನು ನೋಡಿಲ್ಲ. ಅವತ್ತು ಮೊದಲೇ ಬಂದರು.

ಒಬ್ಬರು ರಿಟೈರ್ಡ್ ಮೇಷ್ಟ್ರು, ತೆಳ್ಳಗೆ, ಬಿಳಿ ಜುಬ್ಬಾ. ಇನ್ನೊಬ್ಬರು ಫೈಲ್ ಹಿಡಿದಿದ್ದ ಮೇಡಂ. ಹೊರಗೆ ನಿಂತಿದ್ದ ಕಾರನ್ನು ನೋಡಿ ಮೇಷ್ಟ್ರು, "ಕಾರು ತಮ್ಮದಾ?" ಎಂದು ಕೇಳಿದರು. "ಓನರ್ ಅವರದ್ದು ಸಾರ್" ಎಂದು ನಮ್ಮ ಯಜಮಾನರು ತಕ್ಷಣ ಹೇಳಿದರು. ಅಷ್ಟು ಸುಲಭವಾಗಿತ್ತು ಆ ಮಾತು. ಒಳಗೆ ಬಂದ ಮೇಲೆ ಅದೇ ಮಾತನ್ನು ಕುರ್ಚಿಗೆ, ತಟ್ಟೆಗೆ, ಲೋಟಕ್ಕೆ ಸೇರಿಸಿ ಇನ್ನೊಂದು ಸಲ ಹೇಳಿದ್ದರೆ ನನ್ನ ಮಗಳ ಬಾಳು ಬೇರೆಯಾಗುತ್ತಿತ್ತು.

ನಮ್ಮ ಯಜಮಾನರಿಗೆ ಗಾಬರಿಯಾದರೆ ಅಂಗಡಿಯ ಭಾಷೆ ಬಂದುಬಿಡುತ್ತದೆ. "ಬನ್ನಿ ಸಾರ್, ಬನ್ನಿ ಮೇಡಂ, ಆರಾಮಾಗಿ ಕೂತ್ಕೊಳ್ಳಿ, ನಿಧಾನಕ್ಕೆ ನೋಡಿ, ಅವಸರ ಏನಿಲ್ಲ" ಎಂದು ಕೈ ಬೀಸಿ ಮನೆಯನ್ನು ತೋರಿಸಿದರು, ಬೇಕಾದರೆ ಒಳಗೆ ಇನ್ನೂ ಸ್ಟಾಕ್ ಇದೆ ಎನ್ನುವ ಹಾಗೆ. ಮೇಷ್ಟ್ರು ಕೆತ್ತನೆಯ ಕುರ್ಚಿಯಲ್ಲಿ ಕೂತರು. ಕಣ್ಣು ಎದುರಿನ ಗೋಡೆಗೆ ಹೋಯಿತು. ಆಗ ನಾನೂ ನೋಡಿದೆ. ಟಿವಿ ತೆಗೆದಿದ್ದೆವು, ಅದನ್ನು ನೇತುಹಾಕಿದ್ದ ಕಬ್ಬಿಣದ ಪಟ್ಟಿ ಗೋಡೆಯಲ್ಲೇ ಇತ್ತು. ಕೆಳಗೆ ಕೇಬಲ್ ವೈರು ಜೋತಾಡುತ್ತಿತ್ತು. ಟಿವಿಯಿದ್ದಷ್ಟು ಜಾಗದಲ್ಲಿ ಸುಣ್ಣ ಹೊಸದಾಗಿ ಬೆಳ್ಳಗಿತ್ತು.

ಮೇಡಂ ಫೈಲಿನಲ್ಲಿ ಏನೋ ಬರೆದುಕೊಂಡರು. ಚೈತ್ರಾಳನ್ನು ಕರೆದು ಒಂದೆರಡು ಪ್ರಶ್ನೆ ಕೇಳಿದರು. ಯಾಕೆ ಈ ಕೋರ್ಸ್ ಅಂದಾಗ ಅವಳು, "ನಮ್ಮ ಅಜ್ಜಿ ಕೈಗೆ" ಎಂದು ಹೇಳಿ ನಿಲ್ಲಿಸಿದಳು. ಆಗ ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಕಾಣಿಸಿಕೊಂಡರು.

ಬಲಗೈಯಲ್ಲಿ ಬೆಳ್ಳಿ ಲೋಟ ಹಿಡಿದಿದ್ದರು. ತುಂಬಿದ ಕಾಫಿ. ದೀಪಾವಳಿಯಿಂದ ಈಚೆಗೆ ಆ ಕೈ ಒಂದು ಗುಟುಕು ನೀರಿಗಿಂತ ಹೆಚ್ಚು ಭಾರ ಹೊತ್ತಿರಲಿಲ್ಲ. ಅಡುಗೆಮನೆಯಿಂದ ಕುರ್ಚಿಗೆ ಏಳು ಹೆಜ್ಜೆ. ಚೈತ್ರಾ ಎದ್ದು ನಿಂತಳು. ಅಜ್ಜಿಯ ಪಕ್ಕದಲ್ಲೇ ನಡೆದುಬಂದಳು, ಲೋಟದ ಕೆಳಗೆ ತನ್ನ ಅಂಗೈ ಒಡ್ಡಿಕೊಂಡು, ಮುಟ್ಟದೆ. ಅವಳ ತುಟಿ ಅಲ್ಲಾಡುತ್ತಿತ್ತು. ಎಣಿಸುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ಅತ್ತೆ ಒಂದು ಹನಿ ಚೆಲ್ಲಲಿಲ್ಲ. ಮೇಷ್ಟ್ರ ಕೈಗೆ ಲೋಟ ಕೊಟ್ಟು, ಬಲಗೈಯನ್ನೇ ಎದೆಗೆ ಮುಟ್ಟಿಸಿ ಶರಣು ಅಂದರು. ನನ್ನ ಮಗಳ ಮುಖ ಅರಳಿದ ಹಾಗೆ ಅದಕ್ಕೆ ಮೊದಲು ಎಂದೂ ಅರಳಿರಲಿಲ್ಲ, ಆಮೇಲೂ ಅರಳಿದ್ದನ್ನು ನಾನು ಕಾಣೆ. ಅವಳು ಬಂದವರನ್ನು ನೋಡುತ್ತಲೇ ಇರಲಿಲ್ಲ. ಅಜ್ಜಿಯ ಕೈಯನ್ನು ನೋಡುತ್ತಿದ್ದಳು.

ಮೇಷ್ಟ್ರು ಲೋಟವನ್ನು ತಿರುಗಿಸಿ ನೋಡಿದರು. "ಭಾರ ಚೆನ್ನಾಗಿದೆ. ಹಳೇದಾ ತಾಯಿ?"

"ನಮ್ಮ ಮಾವನವರ ಕಾಲದ್ದು" ಅಂದರು ಅತ್ತೆ. "ನಮ್ಮನೇಲಿ ಬಂದೋರಿಗೆ ಯಾವತ್ತೂ ಬೆಳ್ಳಿ ಲೋಟದಲ್ಲೇ ಕೊಡೋದು ನಾವು. ಅದೊಂದು ತಪ್ಪಿಸಿಲ್ಲ."

ನಾನು ಬಾಯಿ ತೆರೆದೆ. ಸಾರ್, ಅದು ನಮ್ಮದಲ್ಲ, ಮೇಲಿನ ಮನೆಯವರದ್ದು. ಇಷ್ಟೇ ಮಾತು. ಅತ್ತೆ ಆ ಕೈಯನ್ನು ಇನ್ನೂ ಎದೆಯ ಮೇಲೇ ಇಟ್ಟುಕೊಂಡಿದ್ದರು. ಏಳು ತಿಂಗಳು ಮಡಿಲಲ್ಲಿ ಸತ್ತು ಬಿದ್ದಿದ್ದ ಕೈ. ನಾನು ಆ ಮಾತು ಆಡಿದರೆ ಅದು ಮತ್ತೆ ಮಡಿಲಿಗೆ ಬೀಳುತ್ತಿತ್ತು. ಯಜಮಾನರನ್ನು ನೋಡಿದೆ, ಅವರು ನೆಲ ನೋಡುತ್ತಿದ್ದರು. ನಾನು ಬಾಯಿ ಮುಚ್ಚಿಕೊಂಡು, "ಹಣ್ಣು ತಗೊಳ್ಳಿ ಮೇಡಂ" ಅಂದೆ.

ಅವರು ಹೊರಟು ಹೋದ ಮೇಲೆ ಅತ್ತೆ ಲೋಟಗಳನ್ನು ತಾವೇ ತೊಳೆದರು. "ನೋಡ್ದ್ಯಾ, ಮೇಷ್ಟ್ರು ಎಷ್ಟು ಸಂತೋಷಪಟ್ರು" ಅಂದರು.

ಹನ್ನೆರಡು ದಿನ ಫೋನಿಗೆ ಕಾದೆ. ಬರದಿದ್ದಾಗ ಟ್ರಸ್ಟಿನ ಆಫೀಸಿಗೆ ನಾನೇ ಹೋದೆ. ಒಂದು ಮದುವೆ ಛತ್ರದ ಮಹಡಿಯ ಮೇಲಿನ ಸಣ್ಣ ಕೋಣೆ. ಮೇಷ್ಟ್ರು ಒಬ್ಬರೇ ಇದ್ದರು. ಕೂರಿಸಿ, ಪೇಪರ್ ಕಪ್ಪಿನಲ್ಲಿ ಟೀ ತರಿಸಿದರು. ಫೈಲು ತೆಗೆದು ನನ್ನ ಕಡೆ ತಿರುಗಿಸಿದರು. ಅನುಕೂಲಸ್ಥ ಕುಟುಂಬ, ಮಾಹಿತಿ ಮರೆಮಾಚಿರುವ ಸಾಧ್ಯತೆ ಇದೆ ಎಂದು ಮೇಡಂ ಅಂದವಾದ ಅಕ್ಷರದಲ್ಲಿ ಬರೆದಿದ್ದರು.

"ಆ ಬೆಳ್ಳಿ ನಮ್ಮದಲ್ಲ ಸಾರ್. ಕುರ್ಚೀನೂ ಅಲ್ಲ. ಓನರ್ ಮನೇದು."

"ಅವತ್ತೇ ಹೇಳ್ಬಹುದಿತ್ತಲ್ಲಮ್ಮ."

"ಅತ್ತೆ ಎದುರಿಗೆ ಹೆಂಗೆ ಹೇಳ್ಲಿ ಸಾರ್?"

ಅವರು ಫೈಲು ಮುಚ್ಚಿದರು. "ಮತ್ತೆ ಟಿವಿ?"

"ಅದು ನಮ್ಮದೇ ಸಾರ್."

"ನಿಮ್ಮದನ್ನ ಬಚ್ಚಿಟ್ರಿ, ನಿಮ್ಮದಲ್ಲದ್ದನ್ನ ತೋರಿಸಿದ್ರಿ" ಅಂದರು. ಹಂಗಿಸಲಿಲ್ಲ. ಸುಸ್ತಾದವರ ಹಾಗೆ ಹೇಳಿದರು. "ನನಗೆ ಅರ್ಥ ಆಗುತ್ತೆ ತಾಯಿ. ನಮ್ಮನೇಲೂ ಹಿಂಗೇ. ಆದ್ರೆ ಪಟ್ಟಿ ಆಗ್ಹೋಗಿದೆ. ಇದ್ದ ಕೊನೇ ಜಾಗ ಸಿದ್ದಾಪುರದ ಒಂದು ಹುಡುಗಿಗೆ ಹೋಯ್ತು. ತಂದೆ ಇಲ್ಲ, ತಾಯಿ ಮನೆಕೆಲಸಕ್ಕೆ ಹೋಗ್ತಾರೆ, ಇರೋದು ಒಂದೇ ರೂಮು. ನಾವು ಹೋದಾಗ ಕೂರೋಕೆ ಚಾಪೆ ಹಾಸಿದ್ರು. ಅವಳದ್ದು ಕಿತ್ತು ನಿಮ್ಮ ಮಗಳಿಗೆ ಕೊಡಿ ಅಂತೀರಾ? ನೀವೇ ಹೇಳಿ."

ಕೊಡಿ ಅಂತಲೇ ನನ್ನ ಮನಸ್ಸು ಕೂಗುತ್ತಿತ್ತು. ಸುಳ್ಳು ಯಾಕೆ ಹೇಳಲಿ? ನೋಡದ ಆ ಹುಡುಗಿಯ ಮೇಲೆ, ಅವಳ ಚಾಪೆಯ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಬಡತನದ ಮೇಲೆ ಹೊಟ್ಟೆಕಿಚ್ಚುಪಟ್ಟ ನನ್ನ ಮೇಲೆ ಅಸಹ್ಯವೂ ಆಯಿತು. "ಬೇಡ ಸಾರ್" ಅಂದೆ. ಟೀ ಅಲ್ಲೇ ಬಿಟ್ಟು ಎದ್ದು ಬಂದೆ.

ಹೊರಗೆ ಮಳೆ ಶುರುವಾಗಿತ್ತು. ಆ ಬೇಸಿಗೆಯೆಲ್ಲ ಎಲ್ಲರೂ ಕಾದು ಕೂತಿದ್ದ ಮಳೆ. ಜನ ಅಂಗಡಿಗಳ ಕೆಳಗೆ ನಿಂತು ನಗುತ್ತಿದ್ದರು. ಕೊಡೆಯಿಲ್ಲದೆ ನೆನೆಯುತ್ತಾ ನಾಲ್ಕನೇ ಬ್ಲಾಕಿಗೆ ನಡೆದೆ. ಯಜಮಾನರಿಗೆ ಮೊದಲು ಹೇಳಬೇಕಿತ್ತು. ಅಂಗಡಿಯ ಗಾಜಿನಾಚೆ ಅವರು ಕಂಡರು. ಮದುವೆ ಜವಳಿಗೆ ಬಂದ ದೊಡ್ಡ ಕುಟುಂಬವೊಂದು ಸುತ್ತ ಕೂತಿತ್ತು. ಇವರು ಮೈಮೇಲೆ ಹಸಿರು ರೇಷ್ಮೆ ಸೀರೆಯ ಸೆರಗು ಹೊದ್ದುಕೊಂಡು, ಜರಿ ಕಾಣುವಂತೆ ಅತ್ತಿತ್ತ ತಿರುಗಿ ತೋರಿಸುತ್ತಿದ್ದರು. ನನ್ನನ್ನು ನೋಡಿದರು. ನಾನು ಏನೂ ಸನ್ನೆ ಮಾಡಲಿಲ್ಲ, ಆದರೂ ಅವರಿಗೆ ಗೊತ್ತಾಯಿತು. ಒಂದು ಕ್ಷಣ ಕೈ ನಿಂತಿತು. ಗಿರಾಕಿ ಏನೋ ಕೇಳಿರಬೇಕು, ಮತ್ತೆ ಆ ಕಡೆ ತಿರುಗಿ ಸೆರಗನ್ನು ಇನ್ನಷ್ಟು ಹರಡಿದರು. ಅವರು ಎದ್ದು ಬರುವ ಹಾಗಿರಲಿಲ್ಲ. ನಾನು ಒದ್ದೆ ಸೀರೆಯಲ್ಲಿ ಒಳಗೆ ಹೋಗುವ ಹಾಗಿರಲಿಲ್ಲ. ಐದು ನಿಮಿಷ ನಿಂತು ಬಸ್ ಸ್ಟ್ಯಾಂಡಿಗೆ ಹೋದೆ.

ಆ ಸಂಜೆ ಮನೆಯಲ್ಲಿ ಅತ್ತೆ ಕೇಳಿದರು. ದಿನವೂ ಕೇಳುತ್ತಿದ್ದದ್ದೇ. "ಏನಂದ್ರು ಮೇಷ್ಟ್ರು?"

ನಾನು ಟವೆಲ್ಲಿನಲ್ಲಿ ತಲೆ ಒರೆಸಿಕೊಳ್ಳುತ್ತಿದ್ದೆ. ಹೇಳಿಬಿಡೋಣ ಎಂದು ನಿಜವಾಗಿಯೂ ಅನ್ನಿಸಿತು. ನಿಮ್ಮ ಮರ್ಯಾದೆಯಿಂದಲೇ ಹೋಯಿತು ಎಂದು ಕಿರುಚಿಬಿಡುವಷ್ಟು ಸಿಟ್ಟಿತ್ತು. ಬಸ್ಸಿನಿಂದ ಫೋನ್ ಮಾಡಿ ಚೈತ್ರಾಳಿಗೆ ವಿಷಯವನ್ನೆಲ್ಲ ಹೇಳಿದ್ದೆ. ಅವಳು ನನ್ನ ಮುಖ ನೋಡಿದಳು. ನಾನು ಬಾಯಿ ತೆರೆಯುವ ಮೊದಲೇ ಹೇಳಿದಳು.

"ಆಗ್ಲಿಲ್ಲ ಅಜ್ಜಿ. ನನ್ನ ಮಾರ್ಕ್ಸ್ ಸಾಲಲಿಲ್ಲ ಅಂತೆ."

ಅತ್ತೆ ಅವಳನ್ನೇ ನೋಡಿದರು. ಆಮೇಲೆ ಶುರು ಮಾಡಿದರು. ಆ ಮೊಬೈಲು ನೋಡುವಾಗಲೇ ಬಡಕೊಂಡೆ, ಬಂದವರಿಗೆ ನಾವು ಏನೂ ಕಡಿಮೆ ಮಾಡಲಿಲ್ಲ, ಇನ್ನೊಂದು ನಾಲ್ಕು ಮಾರ್ಕ್ಸ್ ತೆಗೆಯಲು ನಿನಗೇನಾಗಿತ್ತು ಎಂದು ಅರ್ಧ ಗಂಟೆ ಬೈದರು. ಚೈತ್ರಾ ಬೈಗುಳ ಮುಗಿದ ಮೇಲೆ ಸ್ಟೂಲ್ ಎಳೆದುಕೊಂಡು ಅಜ್ಜಿಯ ಮುಂದೆ ಕೂತಳು. "ಎತ್ತು ಅಜ್ಜಿ" ಅಂದಳು. ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತುಬಿಟ್ಟೆ. ನಲ್ಲಿಯಲ್ಲಿ ನೀರಿರಲಿಲ್ಲ, ಅತ್ತ ಸದ್ದು ಅವರಿಬ್ಬರಿಗೂ ಕೇಳಿಸಿರಬೇಕು.

ಅತ್ತೆ ಇನ್ನೂ ಎರಡು ವರ್ಷ ಬದುಕಿದರು. ತಮ್ಮ ಕೈಯಿಂದಲೇ ಉಂಡರು, ತಮ್ಮ ಜಡೆ ತಾವೇ ಹೆಣೆದುಕೊಂಡರು. ಬಂದವರಿಗೆಲ್ಲ ಆ ಕೈ ತೋರಿಸಿ, "ನಮ್ಮ ಹುಡುಗಿ ಮಾಡಿದ್ದು. ಕೈ ಚೆನ್ನಾಗಿದೆ, ತಲೆ ಅಷ್ಟಕ್ಕಷ್ಟೆ" ಎನ್ನುತ್ತಿದ್ದರು. ಹುಡುಗಿ ನಗುತ್ತಿದ್ದಳು. ಅವಳು ಬಿಕಾಂ ಮಾಡಿದಳು. ಈಗ ಬನಶಂಕರಿಯ ಒಂದು ಆಸ್ಪತ್ರೆಯ ರಿಸೆಪ್ಷನ್ನಿನಲ್ಲಿದ್ದಾಳೆ. ನಾವೂ ಬಾಡಿಗೆ ಕಡಿಮೆ ಎಂದು ಉತ್ತರಹಳ್ಳಿಯ ಕಡೆ ಹೋದೆವು. ಟಿವಿ ಅಲ್ಲಿಯೂ ಗೋಡೆಯ ತುಂಬಾ ಇದೆ, ಮಿಡಲ್ ಕ್ಲಾಸ್ ಮನೆಯಲ್ಲಿ ಇರಬೇಕಾದ ಹಾಗೆ.

ಮೊನ್ನೆ ಭಾನುವಾರ ನನ್ನನ್ನು ಕರೆದುಕೊಂಡು ಹೋಗಲು ಚೈತ್ರಾ ಸ್ಕೂಟರಿನಲ್ಲಿ ಬಂದಳು. ಆಂಟಿಯ ಸೊಸೆ ಕಾಫಿ ತಂದಳು, ಆಗಷ್ಟೇ ಬೆಳಗಿದ ಬೆಳ್ಳಿ ಲೋಟಗಳಲ್ಲೇ. ಆಂಟಿ ತಮ್ಮ ಲೋಟವನ್ನು ಮುರಿದ ಕೈಯಿಂದ ಹಿಡಿಯಲು ಹೋದರು. ಬೆರಳು ಮಡಚಲಿಲ್ಲ, ಲೋಟ ಓಲಾಡಿತು. ಚೈತ್ರಾಳ ಅಂಗೈ ತಾನಾಗಿ ಅದರ ಕೆಳಗೆ ಹೋಯಿತು, ಮುಟ್ಟದೆ.

"ನಿಮ್ಮಜ್ಜಿಗೆ ಮಾಡ್ಸಿದ್ಯಲ್ಲ, ನಂಗೂ ಒಂಚೂರು ಮಾಡ್ಸು ಮಗಳೇ" ಅಂದರು ಆಂಟಿ.

"ನಾನು ಓದಿಲ್ಲ ಆಂಟಿ. ತಪ್ಪಾಗಿ ಮಾಡ್ಸಿದ್ರೆ ಕಷ್ಟ. ನಮ್ಮ ಆಸ್ಪತ್ರೇಲಿ ಓದಿರೋರಿದ್ದಾರೆ, ನಂಬರ್ ಕೊಡ್ತೀನಿ."

"ಅಯ್ಯೋ, ನಿನ್ನ ಕೈಗುಣ ಅವರಿಗೆಲ್ಲಿ ಬರ್ಬೇಕು? ಪಾಪ, ನಿಮ್ಮಜ್ಜಿ ಸಾಯೋವರ್ಗೂ ಹೇಳೋರು. ಅವತ್ತು ಬಂದೋರಿಗೆ ನನ್ನ ಲೋಟದಲ್ಲೇ ಕಾಫಿ ಕೊಟ್ಟಿದ್ದು, ಎಲ್ಲಾ ಚೆನ್ನಾಗೇ ಆಗಿತ್ತು, ಹುಡುಗೀಗೆ ಮಾರ್ಕ್ಸ್ ಒಂದು ಸಾಲಲಿಲ್ಲ ಅಂತ. ಹೌದಾ?"

ಆಂಟಿ ಲೋಟದಿಂದ ಕಣ್ಣೆತ್ತಿ ನನ್ನನ್ನು ನೋಡಿದರು. ಅತ್ತೆ ಹೋಗಿ ವರ್ಷಗಳಾಗಿವೆ. ಇನ್ನು ಯಾರ ಕೈ ಬಿದ್ದುಹೋಗುವ ಭಯವೂ ಇಲ್ಲ. ಇಲ್ಲ ಆಂಟಿ, ಅವಳ ಮಾರ್ಕ್ಸ್ ಸಾಕಾಗಿತ್ತು ಎಂದು ಒಂದು ಮಾತು ಹೇಳುವುದಕ್ಕೆ ನನಗೆ ಏನು ಅಡ್ಡಿಯಿತ್ತು? ಆಂಟಿಯ ಕೈಯಲ್ಲಿ ಅವರದೇ ಲೋಟವಿತ್ತು. ನಾನು ನನ್ನ ಲೋಟವನ್ನು ನೋಡುತ್ತಾ ಕೂತೆ.

"ಹೌದು ಆಂಟಿ" ಅಂದಳು ಚೈತ್ರಾ, ಅಂಗೈ ತೆಗೆಯದೆ. "ಸಾಲಲಿಲ್ಲ."